ನಾಲಗೆಯನ್ನು ತಿದ್ದುವ ವಿದ್ಯೆ

ಇಂಗ್ಲಿಷ್ ವರ್ಣಮಾಲೆಯಲ್ಲಿರುವ ಅಕ್ಷರಗಳು ಕೇವಲ 26. ಆದರೆ ದಕ್ಷಿಣ ಇಂಗ್ಲೆಂಡಿನ ಶಿಷ್ಟ ಉಚ್ಚಾರಣೆಯಲ್ಲಿ ಧ್ವನಿಶಾಸ್ತ್ರಜ್ಞರು ಸುಮಾರು 44 ಧ್ವನಿಗಳನ್ನು ಎಣಿಸುತ್ತಾರೆ. ಬರಹವನ್ನೇ ನಂಬಿ ಆ ಭಾಷೆಯನ್ನು ನುಡಿಯಹೊರಟವರು ಎಡವುವುದು ಇಲ್ಲಿಯೇ. ಕನ್ನಡದಲ್ಲಿ ವರ್ಗೀಯ ವ್ಯಂಜನಗಳನ್ನು ಕಂಠದಿಂದ ತುಟಿಯವರೆಗೆ ಉಚ್ಚಾರಣಾ ಸ್ಥಾನವನ್ನನುಸರಿಸಿ ಜೋಡಿಸಲಾಗಿದೆ. ಇಂಗ್ಲಿಷಿನ ಅಕ್ಷರಗಳಿಗೆ ಅಂತಹ ಕ್ರಮವಿಲ್ಲ.

ಇಂಗ್ಲಿಷನ್ನು ತಾಯ್ನುಡಿಯಾಗಿ ಕಲಿಯುವ ಮಕ್ಕಳಿಗೂ ಎಲ್ಲ ಧ್ವನಿಗಳು ಒಮ್ಮೆಗೇ ವಶವಾಗುವುದಿಲ್ಲ. ಪ, ಬ, ಮಗಳಂತಹ ತುಟಿಯ ಧ್ವನಿಗಳು ಬೇಗ ಬರುತ್ತವೆ. 'ರ್' ಧ್ವನಿಯೂ 'ಥಿಂಕ್' ಎಂಬಲ್ಲಿಯ ಮೊದಲ ಧ್ವನಿಯೂ ತಡವಾಗಿ ಒದಗುತ್ತವೆ. ಮೂರು ವರ್ಷದ ಶಿಶು ಮೊಲವನ್ನು ಕಂಡು 'ರ್‍ಯಾಬಿಟ್' ಎನ್ನುವುದಕ್ಕೆ 'ವ್ಯಾಬಿಟ್' ಎಂದರೆ ಹಿರಿಯರು ಮುದ್ದಿಸುವರು. ಅದೇ ಮಾತು ಹತ್ತು ವರ್ಷದ ಬಾಲಕನ ಬಾಯಿಂದ ಬಂದರೆ ತರಗತಿಯೇ ನಗುತ್ತದೆ. ಆ ನಗೆಗೆ ಅಂಜಿ, ಉತ್ತರ ತಿಳಿದಿದ್ದರೂ ತಲೆ ತಗ್ಗಿಸಿ ಕುಳಿತುಬಿಡುವ ಮಕ್ಕಳುಂಟು. ಅವರನ್ನು ದಡ್ಡರೆಂದು ತಿಳಿಯುವುದು ಅನ್ಯಾಯ. ಕಿವಿ ಮಂದವಾಗಿರುವುದು, ಅಂಗುಳು ಸೀಳಿರುವುದು ಇಂತಹ ದೋಷಕ್ಕೆ ಕಾರಣವಾಗಬಹುದು; ಎಷ್ಟೋ ಮಕ್ಕಳಲ್ಲಿ ಯಾವ ಕಾರಣವೂ ಗೋಚರಿಸದು. ಆದುದರಿಂದಲೇ ಚಿಕಿತ್ಸೆಗೆ ಮುನ್ನ ಶ್ರವಣ ಪರೀಕ್ಷೆ ನಡೆಯುತ್ತದೆ.

ಇಲ್ಲಿ ಒಂದು ಭೇದವನ್ನು ಮರೆಯಬಾರದು. ಇಂಗ್ಲಿಷರು 'ವ್ಯಾನ್' ಎನ್ನುವಾಗ ಹಲ್ಲನ್ನು ಕೆಳತುಟಿಗೆ ತಾಗಿಸುತ್ತಾರೆ. 'ವಾಟರ್' ಎನ್ನುವಾಗ ತುಟಿಗಳನ್ನು ದುಂಡಾಗಿಸುತ್ತಾರೆ. ಕನ್ನಡಿಗರು ಎರಡಕ್ಕೂ ಒಂದೇ 'ವ'ಕಾರವನ್ನು ಬಳಸುವುದು ತಾಯ್ನುಡಿಯ ಪ್ರಭಾವವೇ ಹೊರತು ರೋಗವಲ್ಲ. ಮಗುವಿನ ಮನೆಮಾತನ್ನು ಅರಿಯದೆ ದೋಷವನ್ನು ನಿರ್ಣಯಿಸಲಾಗದು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ವಿದ್ಯಾಕೇಂದ್ರಗಳು ಬಹುಭಾಷೆಗಳ ಈ ದೇಶಕ್ಕೆ ಅಗತ್ಯವಾದುದು ಇದರಿಂದಲೇ.

ಚಿಕಿತ್ಸಾಕ್ರಮವನ್ನು ರೂಪಿಸಿದವರಲ್ಲಿ ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್ ಪ್ರಮುಖರು. ಸ್ವತಃ ಉಗ್ಗಿನಿಂದ ನೊಂದಿದ್ದ ಅವರು 1939ರಲ್ಲಿ 'ಸ್ಪೀಚ್ ಕರೆಕ್ಷನ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಅವರ ಕ್ರಮದಲ್ಲಿ ಮೊದಲು ಶಿಕ್ಷಣ ದೊರೆಯುವುದು ನಾಲಗೆಗಲ್ಲ, ಕಿವಿಗೆ. ಸರಿ ಯಾವುದು, ತಪ್ಪು ಯಾವುದು ಎಂಬುದನ್ನು ಕೇಳಿ ಗುರುತಿಸಬಲ್ಲ ಮಗು ತರುವಾಯ ಆ ಒಂದು ಧ್ವನಿಯನ್ನು ಬಿಡಿಯಾಗಿ ನುಡಿಯುತ್ತದೆ. ಆಮೇಲೆ ಅಕ್ಷರದಲ್ಲಿ, ಶಬ್ದದಲ್ಲಿ, ವಾಕ್ಯದಲ್ಲಿ, ಕೊನೆಗೆ ಸಹಜ ಸಂಭಾಷಣೆಯಲ್ಲಿ.

ಮುಂದೆ ಬಂದ ಮತ್ತೊಂದು ವಿಧಾನ ಆಟದಂತಿದೆ. 'ಕ್' ಬದಲು 'ಟ್' ಎನ್ನುವ ಮಗುವಿನ ಮುಂದೆ ಬೀಗದ ಕೈಯ ಚಿತ್ರವನ್ನೂ ಚಹದ ಚಿತ್ರವನ್ನೂ ಇಡುತ್ತಾರೆ. ಮಗುವಿಗೆ ಬೇಕಾದುದು 'ಕೀ'. ಬಾಯಲ್ಲಿ ಬರುವುದು 'ಟೀ'. ಚಿಕಿತ್ಸಕರು ಚಹದ ಚಿತ್ರವನ್ನೇ ಕೊಡುತ್ತಾರೆ. ತನ್ನ ಮಾತು ಬೇರೆಯ ಅರ್ಥವನ್ನು ಕೊಟ್ಟಿತೆಂದು ಕಂಡ ಮಗು ನಾಲಗೆಯ ಹಿಂಭಾಗವನ್ನು ಎತ್ತಿ ಮತ್ತೆ ಪ್ರಯತ್ನಿಸುತ್ತದೆ. ಕೊಠಡಿಯಲ್ಲಿ ಗೆದ್ದ ಧ್ವನಿ ಆಟದ ಬಯಲಿನ ಗದ್ದಲದಲ್ಲಿ ಜಾರಿಹೋಗುವುದೂ ಉಂಟು. ಅದನ್ನು ಅಲ್ಲಿಯೂ ನೆಲೆಗೊಳಿಸಲು ಹಲವು ತಿಂಗಳುಗಳೇ ಬೇಕಾಗಬಹುದು.