ಸಂಘ ನಡೆಸುವವರಿಗೆ ಪಾಠ: ತೀರ್ಮಾನ ಯಾರದು, ಯಾವಾಗ, ಹೇಗೆ?



ಯಾವ ಹಸುವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಮಾರಬೇಕು, ಹಿಂಡಿ ಚೀಲವನ್ನು ಈ ಬಟವಾಡೆಯಲ್ಲಿ ತರಬೇಕೋ ಮುಂದಿನದರಲ್ಲೋ ಎಂದು ಮನೆಯಲ್ಲಿ ದಿನವೂ ತೀರ್ಮಾನ ಮಾಡುವವರು ನೀವೇ. ಆದರೆ ಸಂಘದ ಅಧ್ಯಕ್ಷರೋ ನಿರ್ದೇಶಕರೋ ಆಗಿ ಕುಳಿತಾಗ "ಯಜಮಾನರನ್ನು ಕೇಳಿ ಹೇಳ್ತೀನಿ", "ಅದೆಲ್ಲಾ ಕಾರ್ಯದರ್ಶಿಗೇ ಗೊತ್ತು" ಎನ್ನುವ ಮಾತು ಇನ್ನೂ ಕೇಳಿಬರುತ್ತದೆ. ಕೇಂದ್ರ ಸರ್ಕಾರ 1986-87ರಲ್ಲಿ ಆರಂಭಿಸಿದ ಸ್ಟೆಪ್ ಯೋಜನೆಯ ನೆರವಿನಿಂದ ನಮ್ಮ ರಾಜ್ಯದಲ್ಲೂ ಅನೇಕ ಮಹಿಳಾ ಹಾಲು ಉತ್ಪಾದಕರ ಸಂಘಗಳು ಹುಟ್ಟಿಕೊಂಡವು. ಹಾಲು ಹಾಕುವ ಮಹಿಳೆಯೇ ಸಂಘವನ್ನೂ ನಡೆಸಬೇಕು ಎಂಬುದು ಅವುಗಳ ಆಶಯ. ಹಾಗಾದರೆ ಕಷ್ಟದ ವಿಷಯ ಬಂದಾಗ ತೀರ್ಮಾನ ಮಾಡುವುದು ಹೇಗೆ? ಎಲ್ಲ ಸಂಘಗಳಲ್ಲೂ ಬರಬಹುದಾದ ಒಂದು ಸಂದರ್ಭವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಬೆಳಗಿನ ಸರದಿಯಲ್ಲಿ ಒಬ್ಬ ಸದಸ್ಯೆಯ 8 ಲೀಟರ್ ಹಾಲಿಗೆ ಎಸ್.ಎನ್.ಎಫ್. 7.4 ಬಂತು. ಎರಡು ದಿನದಿಂದಲೂ ಹೀಗೆಯೇ ಬರುತ್ತಿದೆ. ಆಕೆ ಒಬ್ಬ ನಿರ್ದೇಶಕಿಯ ಓರಗಿತ್ತಿ. ಸಾಲಿನಲ್ಲಿ ನಿಂತವರು ಗುಸುಗುಸು ಮಾತನಾಡುತ್ತಿದ್ದಾರೆ. ಹಾಲು ಪರೀಕ್ಷಕಿ ನಿಮ್ಮ ಮುಖ ನೋಡುತ್ತಿದ್ದಾಳೆ. ಅಧ್ಯಕ್ಷರಾದ ನೀವು ಏನು ಮಾಡುತ್ತೀರಿ?

1. ತಕ್ಷಣದ್ದು ತಕ್ಷಣ, ಉಳಿದದ್ದು ಆಮೇಲೆ

ಆ ಗಳಿಗೆಯಲ್ಲಿ ತೀರ್ಮಾನ ಆಗಬೇಕಾದದ್ದು ಒಂದೇ: ಆ ಹಾಲನ್ನು ಉಳಿದ ಹಾಲಿಗೆ ಬೆರೆಸಬೇಕೋ ಬೇಡವೋ. ಬೆರೆಸಿದ ಮೇಲೆ ವಾಪಸ್ ತೆಗೆಯಲಾಗದು. ಆದ್ದರಿಂದ ಹಾಲನ್ನು ಬೇರೆ ಇಡಿಸಿ, ಮಾದರಿ ತೆಗೆದಿಡಿ. ನಂತರ ಸಂಘದ ನಿಯಮದಂತೆ ನಡೆಯಿರಿ. ಆಕೆ ನೀರು ಬೆರೆಸಿದಳೋ ಇಲ್ಲವೋ ಎಂಬ ತೀರ್ಮಾನಕ್ಕೆ ಅವಸರವಿಲ್ಲ. ಸಾಲಿನಲ್ಲಿ ಎಲ್ಲರ ಮುಂದೆ "ಕಳ್ಳಿ" ಎಂದು ಆಡಿದ ಮಾತನ್ನು ಮತ್ತೆ ನುಂಗಲು ಬರುವುದಿಲ್ಲ.

2. ಯಾರು ಎನ್ನುವ ಮೊದಲು ಯಾಕೆ ಎಂದು ಕೇಳಿ

ಎಸ್.ಎನ್.ಎಫ್. ಕಡಿಮೆಯಾಗಲು ನೀರೊಂದೇ ಕಾರಣವಲ್ಲ. ಹಸುವಿಗೆ ಕೆಚ್ಚಲು ಬಾವು ಇರಬಹುದು. ಮೇವು, ಹಿಂಡಿ ಸಾಲದೇ ಇರಬಹುದು. ಪರೀಕ್ಷೆಯ ಯಂತ್ರವನ್ನೇ ಸರಿಯಾಗಿ ತೊಳೆದಿಲ್ಲದಿರಬಹುದು. ಒಂದೊಂದನ್ನೇ ಕಳೆಯುತ್ತಾ ಬನ್ನಿ.

ಮೊದಲು ಯಂತ್ರವನ್ನು ತೊಳೆಸಿ, ಅದೇ ಹಾಲನ್ನು ಚೆನ್ನಾಗಿ ಕಲಕಿ ಮತ್ತೊಮ್ಮೆ ಪರೀಕ್ಷಿಸಿ. ಪಕ್ಕದವರ ಹಾಲನ್ನೂ ಹಾಕಿ ನೋಡಿ. ಮರುದಿನ ಅದೇ ಹೊತ್ತಿಗೆ ಇಬ್ಬರು ಆಕೆಯ ಕೊಟ್ಟಿಗೆಗೆ ಹೋಗಿ, ಎದುರಿಗೇ ಹಾಲು ಕರೆಸಿ. ಮೊದಲು ಬರುವ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಯ ಹಾಲಿನಲ್ಲಿ ಹೆಚ್ಚು. ಆದ್ದರಿಂದ ಪೂರ್ತಿ ಕರೆದ ಮೇಲೆ ಕಲಕಿ ಮಾದರಿ ತೆಗೆಯಿರಿ. ಕೊಟ್ಟಿಗೆಯ ಮಾದರಿಯಲ್ಲೂ 7.4 ಬಂದರೆ ದೋಷ ಹೆಂಗಸಿನದಲ್ಲ, ಹಸುವಿನದು. ಪಶುವೈದ್ಯರನ್ನು ಕರೆಸಬೇಕು. ಕೊಟ್ಟಿಗೆಯಲ್ಲಿ 8.4 ಬಂದು ಸಂಘದಲ್ಲಿ 7.4 ಬರುತ್ತಿತ್ತೆಂದರೆ, ದಾರಿಯಲ್ಲಿ ಏನೋ ಆಗಿದೆ ಎಂದು ಕೇಳಲು ನಿಮ್ಮ ಕೈಯಲ್ಲಿ ಆಧಾರವಿದೆ.

3. ಸುಮ್ಮನಿರುವುದೂ ಒಂದು ತೀರ್ಮಾನವೇ

"ಒಬ್ಬಳದ್ದು ತಾನೆ, ಯಾಕೆ ಜಗಳ" ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ದಿನಕ್ಕೆ 400 ಲೀಟರ್ ಬರುವ ಸಂಘದಲ್ಲಿ ಎಲ್ಲರದ್ದೂ 8.5 ಇದೆ ಎನ್ನೋಣ. ಒಬ್ಬಳನ್ನು ಬಿಟ್ಟದ್ದನ್ನು ನೋಡಿ ಹತ್ತು ಜನ ತಲಾ 8 ಲೀಟರಿನಂತೆ 7.4ರ ಹಾಲು ಹಾಕಿದರೆ ಒಟ್ಟು ಹಾಲಿನ ಎಸ್.ಎನ್.ಎಫ್. 8.28ಕ್ಕೆ ಇಳಿಯುತ್ತದೆ. ಒಕ್ಕೂಟದವರು ನೋಡುವುದು ಒಟ್ಟು ಹಾಲಿನ ಗುಣಮಟ್ಟವನ್ನು. ಒಳ್ಳೆಯ ಹಾಲು ಹಾಕಿದವರೂ ನಷ್ಟದಲ್ಲಿ ಪಾಲುದಾರರಾಗುತ್ತಾರೆ. ಯಾವುದೇ ವಿಷಯ ಬಂದಾಗ "ಮಾಡಿದರೆ ಏನಾಗುತ್ತದೆ" ಎಂಬುದರ ಜೊತೆಗೆ "ಮಾಡದಿದ್ದರೆ ಏನಾಗುತ್ತದೆ" ಎಂದೂ ಕೇಳಿಕೊಳ್ಳಿ.

4. ಯಾರ ಕೆಲಸ ಯಾರದು

ದಿನದ ಹಾಲು ಶೇಖರಣೆ, ಪರೀಕ್ಷೆ, ಲೆಕ್ಕ ಇವು ಸಿಬ್ಬಂದಿಯ ಕೆಲಸ. ಹಾಲು ಪರೀಕ್ಷಕಿ ನಿಯಮದಂತೆ ಹಾಲನ್ನು ಬೇರೆ ಇಟ್ಟಾಗ ಅಧ್ಯಕ್ಷರು ಆಕೆಯ ಬೆನ್ನಿಗೆ ನಿಲ್ಲಬೇಕು. ಅಲ್ಲಿ ಕೈಬಿಟ್ಟರೆ ನಾಳೆ ಆಕೆ ಯಾರ ಹಾಲನ್ನೂ ತಡೆಯುವುದಿಲ್ಲ. ಸದಸ್ಯೆಯ ಮೇಲೆ ಕ್ರಮದಂಥ ವಿಷಯ ಆಡಳಿತ ಮಂಡಳಿಯದು. ಅಧ್ಯಕ್ಷರು ಒಬ್ಬರೇ ಶಿಕ್ಷೆ ಹೇಳುವಂತಿಲ್ಲ, ಒಬ್ಬರೇ ಮಾಫಿ ಮಾಡುವಂತೆಯೂ ಇಲ್ಲ. ಎಲ್ಲ ಸದಸ್ಯರ ಮೇಲೆ ಪರಿಣಾಮ ಬೀರುವ ದೊಡ್ಡ ವಿಷಯಗಳನ್ನು ಸರ್ವಸದಸ್ಯರ ಸಭೆಯ ಮುಂದೆ ಇಡಬೇಕು. ಯಾವುದು ಎಲ್ಲಿಗೆ ಹೋಗಬೇಕೆಂಬುದು ನಿಮ್ಮ ಸಂಘದ ಉಪವಿಧಿಯಲ್ಲಿದೆ. ಆ ಪುಸ್ತಕವನ್ನು ಬೀರುವಿನಿಂದ ಹೊರಗೆ ತೆಗೆಸಿ, ಓದಿಸಿ ಕೇಳಿ.

ಮಂಡಳಿಯ ಸಭೆಯಲ್ಲಿ ಆ ಸದಸ್ಯೆಯ ಮಾತನ್ನು ಮೊದಲು ಕೇಳಿ. ಓರಗಿತ್ತಿಯಾದ ನಿರ್ದೇಶಕಿ ಆ ವಿಷಯದ ಚರ್ಚೆಯಿಂದ ಹೊರಗುಳಿಯುವುದು ಒಳ್ಳೆಯದು. ಇದು ಆಕೆಗೆ ಅವಮಾನವಲ್ಲ, ರಕ್ಷಣೆ. ಇಲ್ಲದಿದ್ದರೆ ತೀರ್ಮಾನ ಹೇಗೇ ಬಂದರೂ ಊರಿನ ಬಾಯಿಗೆ ಸಿಗುವವಳು ಆಕೆಯೇ. ಅಧ್ಯಕ್ಷರು ತಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಲಿ. ಮೊದಲೇ ಹೇಳಿಬಿಟ್ಟರೆ ಉಳಿದವರು ತಲೆಯಾಡಿಸಿ ಎದ್ದುಹೋಗುತ್ತಾರೆ. ಮೂಲೆಯಲ್ಲಿ ಸುಮ್ಮನೆ ಕುಳಿತವರನ್ನು ಹೆಸರು ಹಿಡಿದು ಕೇಳಿ: "ಅಕ್ಕಾ, ನಿಮಗೇನನ್ನಿಸುತ್ತೆ?"

5. ಬರೆದಿಡಿ, ತಿಳಿದು ಸಹಿ ಹಾಕಿ

ಏನು ತೀರ್ಮಾನವಾಯಿತು, ಯಾವ ಕಾರಣಕ್ಕೆ, ಯಾರು ಯಾವಾಗ ಜಾರಿಗೆ ತರಬೇಕು ಎಂಬ ಮೂರೂ ನಡವಳಿ ಪುಸ್ತಕದಲ್ಲಿ ಇರಲಿ. ಓದಲು ಬಾರದಿದ್ದರೆ ಗಟ್ಟಿಯಾಗಿ ಓದಿಸಿ ಕೇಳಿದ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಎಂದಿಗೂ ಸಹಿ ಬೇಡ. ಮನೆಯವರ ಸಲಹೆ ಕೇಳುವುದು ತಪ್ಪಲ್ಲ. ಆದರೆ ಸಭೆಯಲ್ಲಿ ಕೂರಬೇಕಾದವರು, ಸಹಿ ಹಾಕಬೇಕಾದವರು, ನಾಳೆ ಲೆಕ್ಕಪರಿಶೋಧಕರು ಕೇಳಿದಾಗ ಉತ್ತರ ಹೇಳಬೇಕಾದವರು ನೀವೇ.

ಇಂದು ಓರಗಿತ್ತಿಗೆ ಅನ್ವಯಿಸಿದ ನಿಯಮವೇ ನಾಳೆ ಯಾರೂ ದಿಕ್ಕಿಲ್ಲದ ವಿಧವೆಗೂ, ಅಧ್ಯಕ್ಷರ ಸ್ವಂತ ಮನೆಗೂ ಅನ್ವಯಿಸಬೇಕು. ಮುಂದಾಳತ್ವ ಎಂದರೆ ಗಟ್ಟಿ ದನಿ ಅಲ್ಲ, ಎಲ್ಲರಿಗೂ ಒಂದೇ ಅಳತೆ.

ಮುಂದಿನ ಸಭೆಗೆ ಅಭ್ಯಾಸ

ನಿಮ್ಮ ಸಂಘದಲ್ಲಿ ಬಹಳ ದಿನದಿಂದ ಮುಂದೂಡುತ್ತಾ ಬಂದಿರುವ ಒಂದು ವಿಷಯವನ್ನು ಆರಿಸಿಕೊಳ್ಳಿ. ಈ ನಾಲ್ಕು ಪ್ರಶ್ನೆಗಳನ್ನು ಕೇಳಿ ಉತ್ತರ ಬರೆಸಿ:

- ಇಂದೇ ಆಗಬೇಕಾದದ್ದು ಯಾವುದು, ಕಾಯಬಹುದಾದದ್ದು ಯಾವುದು?
- ನಮಗೆ ಖಚಿತವಾಗಿ ಗೊತ್ತಿರುವುದೇನು, ಬರೀ ಕೇಳಿದ ಮಾತು ಯಾವುದು?
- ಮಾಡದಿದ್ದರೆ ನಷ್ಟ ಯಾರಿಗೆ, ಎಷ್ಟು?
- ಇದನ್ನು ತೀರ್ಮಾನಿಸುವ ಅಧಿಕಾರ ಸಿಬ್ಬಂದಿಗೋ, ಮಂಡಳಿಗೋ, ಸರ್ವಸದಸ್ಯರ ಸಭೆಗೋ?

ಉತ್ತರ ಸಿಗದ ಪ್ರಶ್ನೆ ಉಳಿದರೆ ನಿಮ್ಮ ಮಾರ್ಗದ ವಿಸ್ತರಣಾಧಿಕಾರಿಯನ್ನು ಸಭೆಗೇ ಕರೆಸಿ ಕೇಳಿ. ಅವರು ಮಾಹಿತಿ ಕೊಡಲಿ, ತೀರ್ಮಾನ ನಿಮ್ಮದಾಗಿರಲಿ.