ಸುರಂಗಕ್ಕೂ ಉಸಿರು ಬೇಕು

ಮಕ್ಕಳೇ, ನಮ್ಮ ಬ್ಯಾಲಂಟೈನ್ ಕಡೆಯಿಂದ ಐ-77 ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ವರ್ಜೀನಿಯಾದಲ್ಲಿ ಎರಡು ಸುರಂಗಗಳು ಸಿಗುತ್ತವೆ. ಮೊದಲನೆಯದು 1972ರ ಬಿಗ್ ವಾಕರ್ ಮೌಂಟನ್ ಸುರಂಗ. ಎರಡನೆಯದು 1974ರ ಈಸ್ಟ್ ರಿವರ್ ಮೌಂಟನ್ ಸುರಂಗ. ಉದ್ದ ಒಂದು ಮೈಲಿಗಿಂತ ಸ್ವಲ್ಪ ಜಾಸ್ತಿ. ಒಳಗೆ ಹೋಗುವಾಗ ವರ್ಜೀನಿಯಾ, ಹೊರಗೆ ಬಂದರೆ ವೆಸ್ಟ್ ವರ್ಜೀನಿಯಾ! ಬೆಟ್ಟದ ಹೊಟ್ಟೆಯಲ್ಲಿ ಕಿಟಕಿ ಇಲ್ಲ. ಹಾಗಾದರೆ ಕಾರುಗಳ ಹೊಗೆ ಎಲ್ಲಿಗೆ ಹೋಗುತ್ತೆ?

ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. 1927ರಲ್ಲಿ ನ್ಯೂಯಾರ್ಕಿನ ಹಾಲೆಂಡ್ ಸುರಂಗ ಕಟ್ಟಿದವರು ಇದಕ್ಕೊಂದು ಉಪಾಯ ಕಂಡುಕೊಂಡರು. 84 ದೊಡ್ಡ ಫ್ಯಾನುಗಳಿಟ್ಟು, ರಸ್ತೆಯ ಕೆಳಗಿನಿಂದ ಒಳ್ಳೆಯ ಗಾಳಿ ಬಿಟ್ಟು, ಚಾವಣಿಯ ಮೇಲಿಂದ ಕೆಟ್ಟ ಗಾಳಿ ಎಳೆದರು. ಒಂದೂವರೆ ನಿಮಿಷಕ್ಕೊಮ್ಮೆ ಇಡೀ ಸುರಂಗದ ಗಾಳಿಯೇ ಬದಲು!

ಆದರೆ ಒಳಗೆ ಬೆಂಕಿ ಹತ್ತಿದರೆ? ಆಗ ಗಾಳಿ ಬೀಸಿದರೆ ಸಾಲದು, ಯಾವ ಕಡೆಗೆ ಬೀಸುತ್ತೇವೆ ಅನ್ನೋದು ಮುಖ್ಯ. ಫ್ರಾನ್ಸ್ ಮತ್ತು ಇಟಲಿಯ ನಡುವೆ 1965ರಲ್ಲಿ ತೆರೆದ ಮೋಂಬ್ಲಾಂ ಸುರಂಗ 11.6 ಕಿ.ಮೀ. ಉದ್ದ. 1999ರ ಮಾರ್ಚ್ 24ರಂದು ಅಲ್ಲಿ ಹಿಟ್ಟು, ಮಾರ್ಗರೀನ್ ತುಂಬಿದ್ದ ಟ್ರಕ್ಕಿಗೆ ಬೆಂಕಿ ಹತ್ತಿತು. ಇಟಲಿ ಕಡೆಯಿಂದ ಒಳಕ್ಕೆ ಗಾಳಿ ನುಗ್ಗಿತು; ಹೊಗೆಯೆಲ್ಲ ಫ್ರಾನ್ಸ್ ಕಡೆ ನಿಂತಿದ್ದ ವಾಹನಗಳ ಮೇಲೆ ಕವಿಯಿತು. 39 ಜನ ತೀರಿಕೊಂಡರು. ತುಂಬಾ ಜನ ತಮ್ಮ ವಾಹನದೊಳಗೇ ಕೂತಿದ್ದರು. ಸುರಂಗದಲ್ಲಿ ಬೆಂಕಿಗಿಂತ ಮೊದಲು ಹೊಗೆ ಕೊಲ್ಲುತ್ತದೆ.

ಮೂರು ವರ್ಷ ಮುಚ್ಚಿ, ದುರಸ್ತಿ ಮಾಡಿ, 2002ರಲ್ಲಿ ಮತ್ತೆ ತೆರೆದರು. ಈಗ ಸುಮಾರು 300 ಮೀಟರಿಗೊಂದರಂತೆ 37 ರಕ್ಷಣಾ ಕೋಣೆಗಳಿವೆ. ಅವುಗಳೊಳಗೆ ಹೊಗೆ ನುಗ್ಗದಂತೆ ಗಾಳಿ ತುಂಬುತ್ತಾರೆ. ಅಲ್ಲಿಂದ ರಸ್ತೆಯ ಕೆಳಗಿನ ದಾರಿಯಲ್ಲಿ ಹೊರಗೆ ಬರಬಹುದು. ಬೆಂಕಿ ಇರುವ ಜಾಗದಲ್ಲೇ ಹೊಗೆ ಎಳೆದುಕೊಳ್ಳುವ ವ್ಯವಸ್ಥೆಯೂ ಇದೆ.

ಅಲ್ಲಿ ಎರಡೂ ದಿಕ್ಕಿನ ವಾಹನಗಳು ಒಂದೇ ಕೊಳವೆಯಲ್ಲಿ ಓಡುತ್ತವೆ. ನಮ್ಮ ಐ-77 ಸುರಂಗಗಳಲ್ಲಿ ಹೋಗೋದಕ್ಕೊಂದು, ಬರೋದಕ್ಕೊಂದು ಕೊಳವೆ. ಒಮ್ಮುಖ ಕೊಳವೆಯಲ್ಲಿ ಕೆಲಸ ಸ್ವಲ್ಪ ಸುಲಭ. ಬೆಂಕಿಯ ಮುಂದಿರುವವರು ಕಾರು ಓಡಿಸಿಕೊಂಡು ಹೊರಗೆ ಹೋಗುತ್ತಾರೆ. ಹೊಗೆಯನ್ನೂ ಅದೇ ಕಡೆಗೆ ತಳ್ಳಿದರೆ ಹಿಂದೆ ಸಿಕ್ಕಿಕೊಂಡವರಿಗೆ ಉಸಿರಾಡಲು ಗಾಳಿ ಸಿಗುತ್ತದೆ.

ಅಪ್ಪ ಅಮ್ಮನ ಜೊತೆ ಓದಿ, ನೆನಪಿಡಿ:
1. ಸುರಂಗದೊಳಗೆ ಹೆಡ್‌ಲೈಟ್ ಹಾಕಿ. ಮುಂದಿನ ಕಾರಿನಿಂದ ದೂರ ಇರಿ.
2. ಮುಂದೆ ಬೆಂಕಿ ಕಂಡರೆ ಕಾರು ತಿರುಗಿಸಬೇಡಿ. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೀ ಅಲ್ಲೇ ಬಿಡಿ.
3. ಕಾರಿನಲ್ಲಿ ಕೂತು ಕಾಯಬೇಡಿ. ತುರ್ತು ಬಾಗಿಲಿನ ಗುರುತು ನೋಡಿಕೊಂಡು ನಡೆಯಿರಿ.
4. ಬ್ಯಾಗು, ಫೋನು ಮರೆತಿರಾ? ವಾಪಸ್ ಹೋಗಲೇಬೇಡಿ!

ಹೊಸ ಪದಗಳು: ವಿಷಾನಿಲ – ವಿಷದ ಗಾಳಿ; ಚಾವಣಿ – ಮೇಲಿನ ಮಾಡು; ಒಮ್ಮುಖ – ಒಂದೇ ದಿಕ್ಕಿನ.

ಯೋಚಿಸಿ ಹೇಳಿ: ಮೋಂಬ್ಲಾಂ ಸುರಂಗದಲ್ಲಿ ಹೊಗೆಯನ್ನು ಒಂದೇ ಕಡೆಗೆ ತಳ್ಳಿದರೆ ಯಾರಿಗೆ ಅಪಾಯ? ಯಾಕೆ?