ನಲ್ಲಿ ನಮ್ಮ ಕೈಲಿ, ವೈರಿಂಗ್ ಬಲ್ಲವರ ಕೈಲಿ

ಮುಂಬಯಿಯ ಉಪನಗರಗಳಲ್ಲಿ ಪ್ಲಂಬರ್ ಬಂದು ಒಮ್ಮೆ ನೋಡಿ ಹೋಗುವುದಕ್ಕೇ ಇನ್ನೂರು, ಮುನ್ನೂರು, ಕೆಲವೆಡೆ ಐನೂರು ರೂಪಾಯಿ. ನಲ್ಲಿಗೆ ಹಾಕುವ ರಬ್ಬರ್ ವಾಷರ್‌ಗೆ ಐದೋ ಹತ್ತೋ. ಈ ಅಂತರ ಕಂಡೇ ನಾನು ಪಾನಾ ಹಿಡಿದವಳು. ಮನೆಯ ರಿಪೇರಿ ಖರ್ಚನ್ನೆಲ್ಲ ಪುಸ್ತಕದಲ್ಲಿ ಬರೆದಿಡುವ ರೂಢಿ ನನ್ನದು. ಅದನ್ನು ತಿರುವಿ ನೋಡಿದರೆ ಕೂಲಿ ಉಳಿಸಿದ್ದರಿಂದ ಆದ ಲಾಭ ಅಷ್ಟಕ್ಕಷ್ಟೆ. ಹಣ ನಿಜವಾಗಿ ಉಳಿದದ್ದು, ಕೆಟ್ಟಿರುವುದು ಏನು ಎಂದು ಕೆಲಸದವರು ಬರುವ ಮೊದಲೇ ನಮಗೆ ಗೊತ್ತಿದ್ದಾಗ.

ಗೋರೆಗಾಂವ್‌ನ ನಮ್ಮ ಕಟ್ಟಡ ಹಳೆಯದು. ಒಂದು ಚಳಿಗಾಲ, ಕೆಳಗಿನ ಮನೆಯ ಕಾಕೂ ಮೇಲೆ ಬಂದು ತಮ್ಮ ಬಚ್ಚಲಿನ ಸ್ಲ್ಯಾಬಿನಲ್ಲಿ ಹಸಿ ಕಲೆ ಹರಡುತ್ತಿದೆ ಎಂದರು. ಮಹಾರಾಷ್ಟ್ರದ ಸಹಕಾರಿ ವಸತಿ ಸೊಸೈಟಿಗಳ ಮಾದರಿ ಉಪವಿಧಿ ಇಂಥದ್ದರಲ್ಲಿ ಸ್ಪಷ್ಟವಾಗಿದೆ. ತಾರಸಿ, ಹೊರಗೋಡೆ, ಎಲ್ಲರಿಗೂ ಸೇರಿದ ಪೈಪು ಸೋರಿದರೆ ಖರ್ಚು ಸೊಸೈಟಿಯದು. ಮನೆಯೊಳಗಿನ ಶೌಚಾಲಯ, ಸಿಂಕ್ ಮೊದಲಾದವು ಸೋರಿದರೆ ಆ ಸದಸ್ಯರದು. ಹಾಗಾಗಿ ನೀರು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗದೆ ಬಿಲ್ಲು ಯಾರ ಹೆಸರಿಗೆ ಎಂದೂ ತೀರ್ಮಾನವಾಗದು.

ಬಂದ ಕಂಟ್ರಾಕ್ಟರ್ ಐದು ನಿಮಿಷ ಕಣ್ಣಾಡಿಸಿ, "ಭಾಭೀಜಿ, ಪೂರಾ ತೋಡ್ನಾ ಪಡೇಗಾ" ಎಂದರು, ಪೂರ್ತಿ ಒಡೆಯಬೇಕಂತೆ. ಹೊಸ ಪೈಪು, ವಾಟರ್‌ಪ್ರೂಫಿಂಗ್, ಟೈಲ್ಸ್ ಎಲ್ಲ ಸೇರಿ ತೊಂಬತ್ತು ಸಾವಿರದ ಅಂದಾಜು. ಒಂದು ವಾರ ಸಮಯ ಕೇಳಿದೆ.

ಮುಂಬಯಿಯ ಕಟ್ಟಡಗಳಲ್ಲಿ ಮಹಾನಗರಪಾಲಿಕೆಯ ನೀರು ದಿನಕ್ಕೆ ಕೆಲವೇ ಗಂಟೆ ಬಂದು ನೆಲದ ಟ್ಯಾಂಕ್ ತುಂಬುತ್ತದೆ. ಅಲ್ಲಿಂದ ಪಂಪು ಮೇಲಿನ ಟ್ಯಾಂಕ್‌ಗೆ ಏರಿಸುತ್ತದೆ. ಮೇಲಿನ ಟ್ಯಾಂಕ್‌ನಿಂದ ಇಳಿಯುವ ಪೈಪಿನಲ್ಲಿ ಹಗಲು ರಾತ್ರಿ ಒತ್ತಡ ಇದ್ದೇ ಇರುತ್ತದೆ. ಆ ಪೈಪು ಗೋಡೆಯೊಳಗೆ ಬಿರುಕು ಬಿಟ್ಟಿದ್ದರೆ ನಾವು ಬಚ್ಚಲು ಬಳಸಲಿ ಬಿಡಲಿ ಸೋರುತ್ತಲೇ ಇರಬೇಕು. ಸ್ನಾನ ಮಾಡಿದಾಗ ಮಾತ್ರ ಸೋರಿದರೆ ತಪ್ಪಿರುವುದು ನೆಲದಲ್ಲಿ ಅಥವಾ ನೀರು ಹೊರಹೋಗುವ ದಾರಿಯಲ್ಲಿ. ಸ್ಟಾಪ್ ಕಾಕ್ ತೆರೆದೇ ಇಟ್ಟು ಕೆಲವು ದಿನ ಆ ಬಚ್ಚಲನ್ನು ಯಾರೂ ಬಳಸಲಿಲ್ಲ. ಕಾಕೂ ಮನೆಯ ಕಲೆ ಒಣಗುತ್ತ ಬಂತು. ಅಂದರೆ ಪೈಪು ಗಟ್ಟಿ. ಆಮೇಲೆ ಬಕೆಟ್ಟಿನ ನೀರನ್ನು ನೆಲಕ್ಕೆ ತಾಗದ ಹಾಗೆ ನೇರವಾಗಿ ಜಾಲರಿಯ ಕೆಳಗಿನ ನಹಾನಿ ಟ್ರ್ಯಾಪ್‌ಗೆ ಸುರಿದು ಕಾದೆವು, ಏನೂ ಆಗಲಿಲ್ಲ. ಕೊನೆಗೆ ಟ್ರ್ಯಾಪ್‌ನ ಬಾಯಿಗೆ ಬಟ್ಟೆ ತುರುಕಿ ನೆಲದಲ್ಲಿ ನೀರು ನಿಲ್ಲಿಸಿದಾಗ ಕೆಳಗೆ ಹಸಿ ಮರಳಿ ಬಂತು. ಟ್ರ್ಯಾಪ್ ಸುತ್ತಲಿನ ಟೈಲ್ಸ್ ಸಂದು ಬಾಯಿ ಬಿಟ್ಟಿತ್ತು, ಅಷ್ಟೇ. ಹಳೆಯ ಸಿಮೆಂಟ್ ಕೆರೆದು ತೆಗೆದು ಎಪಾಕ್ಸಿ ಗ್ರೌಟ್ ತುಂಬಿಸಿದ್ದಕ್ಕೆ ಗಾರೆ ಕೆಲಸದವರ ಕೂಲಿ ಸೇರಿ ಎರಡು ಸಾವಿರವೂ ಆಗಲಿಲ್ಲ. ಕಾಕೂ ಮನೆಯ ಛಾವಣಿಗೆ ಬಣ್ಣ ಹೊಡೆಸಿಕೊಟ್ಟದ್ದು ಬೇರೆ.

ಸ್ಲ್ಯಾಬಿನಲ್ಲಿ ಇಳಿದ ನೀರು ಕಾಣಿಸಿಕೊಳ್ಳಲೂ ಒಣಗಲೂ ದಿನಗಳು ಬೇಕು, ಆದ್ದರಿಂದ ಒಂದು ಪರೀಕ್ಷೆ ಮುಗಿಯದೆ ಇನ್ನೊಂದಕ್ಕೆ ಕೈ ಹಾಕಬಾರದು. ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರುತ್ತಿದೆ ಎಂಬ ಅನುಮಾನವಿದ್ದರೆ ಅದರೊಳಗೆ ಒಂದು ಚಮಚ ಅರಿಶಿನ ಕದಡಿ ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೆಯೇ ಕಮೋಡ್‌ನಲ್ಲಿ ಹಳದಿ ಇಳಿದಿದ್ದರೆ ಒಳಗಿನ ರಬ್ಬರ್ ಸೀಲ್ ಹೋಗಿದೆ ಎಂದರ್ಥ.

ತೊಟ್ಟಿಕ್ಕುವ ನಲ್ಲಿಯ ಲೆಕ್ಕ ಇನ್ನೊಂದು ಬಗೆಯದು. ಸೆಕೆಂಡಿಗೆ ಒಂದು ಹನಿಯಾದರೆ ದಿನಕ್ಕೆ ಸುಮಾರು 20 ಲೀಟರ್, ವರ್ಷಕ್ಕೆ 7,000 ಲೀಟರ್ ದಾಟುತ್ತದೆ. ಪಾಲಿಕೆ ಮನೆಬಳಕೆಯ ನೀರಿಗೆ ಸಾವಿರ ಲೀಟರ್‌ಗೆ ಹಾಕುವ ದರ ಬಹಳ ಕಡಿಮೆ. ಮೇಲಾಗಿ ಸೊಸೈಟಿಯ ನೀರಿನ ಶುಲ್ಕ ಹಂಚುವುದು ಪ್ರತಿ ಮನೆಯ ನಲ್ಲಿಗಳ ಸಂಖ್ಯೆ ಮತ್ತು ಗಾತ್ರ ನೋಡಿ, ಬಳಕೆ ನೋಡಿ ಅಲ್ಲ. ಹೀಗಾಗಿ ನಲ್ಲಿ ಸೋರುವ ಮನೆಗೆ ಬಿಲ್ಲಿನಲ್ಲಿ ಏನೂ ತಿಳಿಯುವುದಿಲ್ಲ. ಮೇ ತಿಂಗಳಲ್ಲಿ ಟ್ಯಾಂಕರ್ ತರಿಸುವಾಗ ಇಡೀ ಕಟ್ಟಡ ತೆರುತ್ತದೆ. ಮುಂಬಯಿಗೆ ನೀರು ಕೊಡುವ ತಾನ್ಸಾ, ಭಾತ್ಸಾ ಜಲಾಶಯಗಳಿರುವ ಶಹಾಪುರ ತಾಲ್ಲೂಕಿನ ಹಳ್ಳಿಗಳೇ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುತ್ತವೆ. 1892ರಿಂದ ತಾನ್ಸಾದ ನೀರು ಕುಡಿಯುತ್ತಿರುವ ಊರಿನವರು ಹತ್ತು ರೂಪಾಯಿಯ ವಾಷರ್‌ಗೆ ಸೋಮಾರಿತನ ಮಾಡುವುದು ನನಗೆ ಸಹಿಸಲಾಗದ ಸಂಗತಿ.

ವಾಷರ್ ಬದಲಿಸಲು ಬೇಕಾದದ್ದು ಪಾನಾ, ಸ್ಕ್ರೂ ಡ್ರೈವರ್, ಟೆಫ್ಲಾನ್ ಟೇಪ್. ಅದಕ್ಕೂ ಮೊದಲು ಬೇಕಾದದ್ದು ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ, ಅದು ತಿರುಗುತ್ತದೆಯೇ ಎಂಬ ತಿಳಿವಳಿಕೆ. ವರ್ಷಗಟ್ಟಲೆ ಮುಟ್ಟದ ಸ್ಟಾಪ್ ಕಾಕ್ ಬಿಗಿದುಕೊಂಡಿರುತ್ತದೆ. ಬಲವಂತ ಮಾಡಿದರೆ ಕೈಗೇ ಕಿತ್ತು ಬರುತ್ತದೆ. ಹಾಗಾಗಿ ಆಗಾಗ ತಿರುಗಿಸುತ್ತಿರಬೇಕು. ಅರ್ಧ ಸುತ್ತಿನ ಹೊಸ ನಲ್ಲಿಗಳಲ್ಲಿ ವಾಷರ್ ಇರುವುದಿಲ್ಲ, ಸೆರಾಮಿಕ್ ಕಾರ್ಟ್ರಿಜ್ ಇರುತ್ತದೆ. ಅದು ಕಂಪನಿಗೊಂದು ಅಳತೆ. ಹಳೆಯದನ್ನು ಬಿಚ್ಚಿ ಅಂಗಡಿಗೇ ಒಯ್ಯಿರಿ. ನಾಗದೇವಿ ಸ್ಟ್ರೀಟ್‌ನಲ್ಲಿ ಹಾರ್ಡ್‌ವೇರ್, ಲೋಹಾರ್ ಚಾಳ್‌ನಲ್ಲಿ ಎಲೆಕ್ಟ್ರಿಕ್ ಸಾಮಾನು ಅಗ್ಗ ನಿಜ. ಆದರೆ ಒಂದು ಆ್ಯಂಗಲ್ ಕಾಕ್‌ಗಾಗಿ ಅರ್ಧ ದಿನ ಕಳೆದು ಅಲ್ಲಿಗೆ ಹೋಗುವುದು ಲಾಭವಲ್ಲ. ಮನೆಯ ಎಲ್ಲ ಫಿಟಿಂಗ್ ಬದಲಿಸುವಾಗ ಹೋಗಬೇಕು.

ಗೋಡೆ ಒಡೆಯುವ, ಜಿ.ಐ. ಪೈಪ್ ಬಿಚ್ಚುವ ಕೆಲಸಕ್ಕೆ ನಾನು ಮಿಸ್ತ್ರಿಯನ್ನೇ ಕರೆಯುತ್ತೇನೆ, ಕೂಲಿಗೆ ಚೌಕಾಶಿ ಮಾಡುವುದಿಲ್ಲ. ನಮ್ಮ ದೇಶದ ದೊಡ್ಡ ನಗರಗಳ ಪ್ಲಂಬರ್‌ಗಳಲ್ಲಿ ಬಹಳಷ್ಟು ಜನ ಒಡಿಶಾದ ಕೇಂದ್ರಪಾಡಾ ಜಿಲ್ಲೆಯವರು. ಅಲ್ಲಿನ ಪಟ್ಟಾಮುಂಡೈನಲ್ಲಿ ಈ ವಿದ್ಯೆಗೇ ಮೀಸಲಾದ ಸರಕಾರಿ ಸಂಸ್ಥೆಯಿದೆ. ಹೋಟೆಲಿನಲ್ಲಿ ದುಡಿಯುತ್ತ ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ನಮ್ಮ ಹಿರಿಯರಂತೆ ಅವರೂ ಊರು ಬಿಟ್ಟು ಬಂದು ಒಬ್ಬರಿಂದೊಬ್ಬರು ಕಸುಬು ಕಲಿತವರು. ಸಣಬಿನ ಸುತಲಿಗೆ ಸಫೇದಾ ಹಚ್ಚಿ ಅವರು ಹಾಕುವ ಜಾಯಿಂಟ್ ದಶಕಗಟ್ಟಲೆ ಬಾಳುತ್ತದೆ. ಏನು ಕೆಟ್ಟಿದೆ ಎಂದು ಹೇಳಿ ಕರೆದರೆ ಅವರಿಗೂ ಎರಡು ಸಲ ಅಲೆದಾಟ ತಪ್ಪುತ್ತದೆ.

ವಿದ್ಯುತ್ತಿನಲ್ಲಿ ಎಲ್ಲಿಯವರೆಗೆ ಕೈ ಹಾಕಬಹುದು ಎಂಬ ಗೆರೆಯನ್ನು ಕಾನೂನೇ ಎಳೆದಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮದ ಪ್ರಕಾರ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಮನೆಬಳಕೆಯ ಉಪಕರಣ ಇವುಗಳನ್ನು ಸಾಮರ್ಥ್ಯವೂ ಸ್ವರೂಪವೂ ಬದಲಾಗದ ಹಾಗೆ ಬದಲಿಸಲು ಅಡ್ಡಿಯಿರಲಿಲ್ಲ. ಉಳಿದದ್ದು ಪರವಾನಗಿ ಇರುವ ಗುತ್ತಿಗೆದಾರರ ಕೆಲಸವಾಗಿತ್ತು. 2010ರ ನಿಯಮಾವಳಿಯೂ ಇದನ್ನೇ ಉಳಿಸಿಕೊಂಡಿತು. ಇದಕ್ಕಿಂತ ವಿವೇಕದ ಗೆರೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗೆರೆಯ ಈಚೆಗಿನ ಉದಾಹರಣೆ: ಫ್ಯಾನ್ ನಿಧಾನವಾಗಿದೆ, ಕೋಲಿನಿಂದ ತಳ್ಳಿದರೆ ತಿರುಗುತ್ತದೆ. ಬಹುಮಟ್ಟಿಗೆ ಅದು ಕಪ್ಯಾಸಿಟರ್ ಸೋತಿರುವ ಲಕ್ಷಣ. ಸಾಮಾನ್ಯ ಫ್ಯಾನಿಗೆ 2.5 ಮೈಕ್ರೋಫ್ಯಾರಡ್‌ನದು ಸಾಕು, ನೂರು ರೂಪಾಯಿಯೊಳಗೆ ಸಿಗುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿಯನ್ನೇ ಕೆಳಗಿಳಿಸಿ, ಟೆಸ್ಟರ್ ಸರಿಯಿದೆಯೇ ಎಂದು ಬೇರೆ ಸಾಕೆಟ್‌ನಲ್ಲಿ ನೋಡಿಕೊಂಡು, ಅದರಿಂದ ವೈರಿನಲ್ಲಿ ಕರೆಂಟಿಲ್ಲವೆಂದು ಖಚಿತ ಮಾಡಿಕೊಂಡೇ ವೈರ್ ಮುಟ್ಟಬೇಕು. ತೆಗೆದ ಕಪ್ಯಾಸಿಟರ್‌ನಲ್ಲೂ ವಿದ್ಯುತ್ ಉಳಿದಿರಬಹುದು, ಅದರ ತುದಿಗಳನ್ನು ಬರಿಗೈಯಲ್ಲಿ ಹಿಡಿಯಬೇಡಿ.

ಗೆರೆಯ ಆಚೆಯದು: ಗೀಸರ್ ಹಾಕಿದಾಗಲೆಲ್ಲ 16 ಆಂಪಿಯರ್‌ನ ಎಂಸಿಬಿ ಬೀಳುತ್ತದೆಂದು 32 ಆಂಪಿಯರ್‌ನದನ್ನು ಹಾಕಿಕೊಳ್ಳುವುದು. ಎಂಸಿಬಿ ಕಾಪಾಡುವುದು ಗೋಡೆಯೊಳಗಿನ ವೈರನ್ನು. ವೈರ್ ತೆಳ್ಳಗೇ ಉಳಿದು ಎಂಸಿಬಿ ಮಾತ್ರ ದೊಡ್ಡದಾದರೆ, ಮುಂದಿನ ಸಲ ಬೀಳುವ ಬದಲು ವೈರ್ ಕಾಯುತ್ತದೆ, ಉರಿಯುತ್ತದೆ. ಎಸಿಗೆ ಹೊಸ ಲೈನ್ ಎಳೆಯುವುದು, ಅರ್ಥಿಂಗ್, ಮೀಟರ್ ಕೋಣೆಯ ಯಾವುದೇ ಕೆಲಸವೂ ಇದೇ ಸಾಲಿಗೆ ಸೇರುತ್ತವೆ. ಇಲ್ಲಿ ಉಳಿಸಿದ ಕೂಲಿಯನ್ನು ನಾನು ಉಳಿತಾಯವೆಂದು ಎಣಿಸುವುದಿಲ್ಲ.

ರಿಪೇರಿಯೇ ಬೇಡ, ಹೊಸದೇ ಕೊಳ್ಳೋಣ ಎಂಬ ಲೆಕ್ಕವೂ ಒಮ್ಮೊಮ್ಮೆ ಸರಿ. ಹಳೆಯ ಫ್ಯಾನ್ 75 ವಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವಾಟ್. ದಿನಕ್ಕೆ 16 ಗಂಟೆ ತಿರುಗುವ ಒಂದು ಫ್ಯಾನಿನಲ್ಲಿ ತಿಂಗಳಿಗೆ 21 ಯೂನಿಟ್‌ಗೂ ಹೆಚ್ಚು ಉಳಿಯುತ್ತದೆ. ನಮ್ಮ ದರಪಟ್ಟಿ 100, 300, 500 ಯೂನಿಟ್‌ಗೆ ಮೆಟ್ಟಿಲು ಏರುವುದರಿಂದ, ಉಳಿಯುವುದು ತುದಿಯ ದುಬಾರಿ ಯೂನಿಟ್‌ಗಳು. ಒಂದು ತೊಡಕಿದೆ: ಬಿಎಲ್‌ಡಿಸಿ ಫ್ಯಾನಿನೊಳಗಿನ ಸರ್ಕ್ಯೂಟ್ ಬೋರ್ಡ್ ಕೆಟ್ಟರೆ ನಮ್ಮ ಕೈಯಲ್ಲಾಗದು. ಆದ್ದರಿಂದ ವಾರಂಟಿ ಎಷ್ಟು ವರ್ಷದ್ದು ಎಂದು ನೋಡಿ ಕೊಳ್ಳಬೇಕು. ಹಗಲಿರುಳು ತಿರುಗುವ ಹಾಲ್ ಮತ್ತು ಮಲಗುವ ಕೋಣೆಗೆ ನಾನು ಅದನ್ನು ಹಾಕಿಸಿದೆ. ಅಡುಗೆಮನೆಯ ಹಳೆಯ ಫ್ಯಾನ್ ಹೊಸ ಕಪ್ಯಾಸಿಟರ್ ಜತೆ ಹಾಗೆಯೇ ಇದೆ.

ಈ ಊರಿನ ಉಪ್ಪುಗಾಳಿಗೆ ಸ್ವಿಚ್‌ಬೋರ್ಡಿನ ಸ್ಕ್ರೂಗಳೂ ಅರ್ಥಿಂಗ್ ತುದಿಗಳೂ ಬೇಗ ತುಕ್ಕು ಹಿಡಿಯುತ್ತವೆ. ಮಳೆಗಾಲದಲ್ಲಿ ಹಸಿಯಾದ ಗೋಡೆಯೊಳಗೆ ಕರೆಂಟ್ ಸೋರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು ನೆಲಮಹಡಿಯ ಮೀಟರ್ ಕೋಣೆಗಳಲ್ಲಿ ನೀರು ನಿಂತದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳೆಯ ಕಟ್ಟಡದಲ್ಲಿರುವವರು ರಿಪೇರಿಗೆಂದು ತೆಗೆದಿಟ್ಟ ಹಣದಲ್ಲಿ ಮೊದಲು ಕೊಳ್ಳಬೇಕಾದದ್ದು ಕರೆಂಟ್ ಸೋರಿದ ಕೂಡಲೇ ತಾನಾಗಿ ಬಿದ್ದು ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಹತ್ತಿರ ಹಾಕಿಸಿಕೊಂಡು, ಅದೇ ಸಲ ಅರ್ಥಿಂಗ್ ಕೂಡ ಪರೀಕ್ಷೆ ಮಾಡಿಸಿ. ಆರ್‌ಸಿಸಿಬಿಯ ಮೇಲೆ 'ಟಿ' ಎಂಬ ಗುಂಡಿ ಇರುತ್ತದೆ. ಮಳೆ ಶುರುವಾಗುವ ಮುಂಚೆ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ಅದನ್ನು ಒತ್ತಿ ನೋಡಿ. ತಟ್ಟನೆ ಕೆಳಗೆ ಬೀಳದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಅಂದೇ ಕರೆಸಿ.